ಮತ್ತಿಮರದ ಗಿಳಿಮರಿ

ಹೊಳೆಯ ದಂಡೆಯ ಆ ಮಠದಲ್ಲಿ ಹೊತ್ತು ಮುಳುಗುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಕಾಡಿನ ಗಿಳಿಗಳೆಲ್ಲ ದಂಡೆಯ ಮತ್ತಿಮರಕ್ಕೆ ಬಂದಿಳಿಯುವ ಗದ್ದಲ ಅದು. ಅಲ್ಲಿ ಶಿಷ್ಯನಾಗಿದ್ದ ಪಂಚಾಕ್ಷರಿ ಮುಪ್ಪಿನಲ್ಲೂ ಆ ಗದ್ದಲವನ್ನು ಮರೆತಿರಲಿಲ್ಲ. ಎಂಥ ಸಂಜೆಗಳವು!

ಅಲ್ಲಿಯ ಗುರು ಅಡವಯ್ಯನವರು. ಯಾವ ಪೊಟರೆಯಲ್ಲಿ ಯಾವ ಜೋಡಿ, ಯಾವ ತಿಂಗಳು ಯಾವ ಕಾಯಿ ತಿನ್ನುತ್ತವೆ ಎಂದು ಆಯುಷ್ಯವಿಡೀ ನೋಡುತ್ತ ಕೂತವರು. ಮರಿ ಕದ್ದು ಮಾರುವವರು ಹೆಚ್ಚಾಗಿ, ಪೊಟರೆಯಿದ್ದ ಹಳೆಯ ಮರಗಳು ಕೊಡಲಿಗೆ ಬಲಿಯಾಗಿ, ಗಿಳಿಗಳು ಕಡಿಮೆಯಾಗುತ್ತಿದ್ದ ಕಾಲ. ಧ್ಯಾನ ಕಲಿಯಲು ಬಂದ ತರುಣ ಪಂಚಾಕ್ಷರಿಗೆ ಅವರು ಮರ ಕಾಯುವ ಕೆಲಸ ಕೊಟ್ಟರು.

ಒಂದು ದಿನ ಗಾಳಿಗೆ ಕೊಂಬೆ ಮುರಿದು ಬಿತ್ತು. ಅದರ ಪೊಟರೆಯಲ್ಲಿದ್ದ ಗಿಳಿಮರಿಗಳಲ್ಲಿ ಒಂದೇ ಉಳಿಯಿತು.

ಗುರುಗಳು ಅದನ್ನು ಶಿಷ್ಯನ ಕೈಗಿಟ್ಟರು. ಜೊತೆಗೊಂದು ಕಂಬಳಿ ಕೊಟ್ಟರು.

"ಮುಸುಕು ಹಾಕ್ಕೊಂಡು ಉಣ್ಣಿಸು. ಮಾರಿ ತೋರಿಸಬ್ಯಾಡ. ಬಾಯಿ ಬಿಡಬ್ಯಾಡ."

"ಯಾಕ್ರಿ ಅಜ್ಜಾರ?"

"ಅದು ಮರಕ್ಕ ಹೋಗಬೇಕಾದ ಕೂಸು. ಮನಷ್ಯಾರ ರೂಢಿ ಆಗಬಾರದು."

ಪಂಚಾಕ್ಷರಿ ನೆನೆಸಿದ ಕಡಲೆ ಅರೆದು, ಮುಸುಕಿನೊಳಗಿಂದಲೇ ತಿನ್ನಿಸಿದ. ಆದರೆ ಅವನೂ ತಾಯಿಯಿಲ್ಲದವನು. ಕೊಕ್ಕು ತೆರೆದು ಅರಚುವ ಮರಿಯನ್ನು ನೋಡುತ್ತಿದ್ದಂತೆ, ತನಗೆ ತುತ್ತಿಡುವಾಗ ಅವ್ವ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಬಾರೋ ನನ್ನ ಬಂಗಾರ."

ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ! ಅವ್ವನೇ ಪಕ್ಕದಲ್ಲಿ ಬಂದು ಕೂತ ಹಾಗಾಯಿತು. ಮರುದಿನ ಮುಸುಕೂ ಬೇಡವಾಯಿತು.

ರೆಕ್ಕೆ ಬಲಿತ ಮೇಲೆ ಒಂದು ಸಂಜೆ ಗುರುಗಳ ಎದುರಿಗೆ, ಮರಿಯನ್ನಿಟ್ಟಿದ್ದ ಗೂಡಿನ ಬಾಗಿಲು ತೆಗೆದ. ಗಿಳಿ ಹಾರಿ ಮತ್ತಿಮರದ ಕೊಂಬೆಯ ಮೇಲೆ ಕೂತಿತು. ಸುತ್ತಲೂ ಅದರ ಬಳಗ. ಅದು ಕೊರಳೆತ್ತಿ ಕೂಗಿತು.

"ಬಾರೋ ನನ್ನ ಬಂಗಾರ!"

ಪಕ್ಕದ ಗಿಳಿಗಳು ಬೆಚ್ಚಿ ದೂರ ಸರಿದವು. ಒಂಟಿಯಾದ ಗಿಳಿ ಸೀದಾ ಇಳಿದು ಬಂದು ಪಂಚಾಕ್ಷರಿಯ ಹೆಗಲೇರಿತು.

ಅವನು ಹಿಗ್ಗಿ ಹೀರೇಕಾಯಿಯಾದ. "ನನ್ನ ಬಿಟ್ಟಿರಂಗಿಲ್ರಿ ಅಜ್ಜಾರ ಇದು!"

ಗುರುಗಳು ಬೈಯಲಿಲ್ಲ. ದಡದಲ್ಲಿ ದೋಣಿಗೆ ಹಗ್ಗ ಕಟ್ಟುತ್ತಿದ್ದ ಅಂಬಿಗ ದುರುಗಪ್ಪನನ್ನು ಹತ್ತಿರ ಕರೆದು ಕೈ ಚಾಚಲು ಹೇಳಿದರು.

ಗಿಳಿ ಹಾರಿಹೋಗಿ ಅವನ ಕೈಮೇಲೂ ಕೂತಿತು. ಅದೇ ಮಾತು, ಅದೇ ಅಕ್ಕರೆ.

"ನಾಳೆ ಬಲೆ ಹಾಕಾವ ಬಂದ್ರೂ ಹಿಂಗ ಹೋಗಿ ಕೂಡ್ತದ," ಎಂದರು ಗುರುಗಳು.

ಪಂಚಾಕ್ಷರಿಯ ಮುಖ ಕಪ್ಪಿಟ್ಟಿತು. "ತಪ್ಪಾತ್ರಿ. ಹೆಂಗ ಮರೆಸ್ಲಿ ಇದಕ್ಕ?"

ಗುರುಗಳು ಒಳಗೆ ಹೋಗಿ ಅವನ ಬಟ್ಟೆಗಂಟು ತಂದು ದೋಣಿಯಲ್ಲಿಟ್ಟರು. ಕಂಬಳಿಯ ಮುಸುಕನ್ನು ತಾವೇ ಹಾಕಿಕೊಂಡರು.

"ಇನ್ನ ಇದರ ಕಿವಿಗೆ ಮಾತು ಬೀಳಬಾರದು. ನೀ ಆಚೆ ದಂಡಿ ಮಠದಾಗ ಇರು."

"ತಿರುಗಿ ಯಾವಾಗ ಬರ್ಲಿ?"

"ಗಿಳಿ ನಿನ್ನ ಮರೆತ ದಿನ ಹೇಳಿ ಕಳಸ್ತೀನಿ."

ಆಚೆ ದಂಡೆಯಲ್ಲಿ ಅವನು ಪಟ್ಟ ಸಂಕಟ ಯಾರಿಗೂ ಬೇಡ. ಸಂಜೆಯಾದರೆ ನೀರಿನ ಮೇಲಿಂದ ಗಿಳಿಗಳ ಗದ್ದಲ ತೇಲಿ ಬರುತ್ತಿತ್ತು. ಒಂದು ಸಲ ಕೂಗಿ ಕರೆದರೆ ಅದು ಬಂದೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದ.

ದುರುಗಪ್ಪ ಹೊಳೆ ದಾಟಿ ಬಂದಾಗಲೆಲ್ಲ ಓಡಿಹೋಗಿ ಕೇಳುತ್ತಿದ್ದ. "ಅಜ್ಜಾರು ಏನರ ಹೇಳ್ಯಾರೇನಪಾ?"

"ಇಲ್ರಿ."

ಕೇಳಿ ಬೇಸರವಾಗುತ್ತಿತ್ತು. ಆದರೆ ಒಳಗೊಳಗೇ, ಗಿಳಿ ತನ್ನನ್ನು ಇನ್ನೂ ಮರೆತಿಲ್ಲವಲ್ಲ ಎಂದು ಸಮಾಧಾನವೂ ಆಗುತ್ತಿತ್ತು. ಗುರುವಿನ ಬಳಿಗೂ ಹೋಗಬೇಕು, ಗಿಳಿಯ ನೆನಪಿನಲ್ಲೂ ಉಳಿಯಬೇಕು. ಎರಡೂ ಬೇಕೆಂದರೆ ಹೇಗೆ?

ಮಳೆಗಾಲ ಕಳೆದು ಹೊಳೆ ತಿಳಿಯಾಯಿತು. ಒಂದು ದಿನ ದುರುಗಪ್ಪ ತಾನಾಗಿಯೇ ಹುಡುಕಿಕೊಂಡು ಬಂದ.

"ಅಜ್ಜಾರು ಕರದಾರ್ರಿ."

ಆ ಮಾತಿಗಾಗಿಯೇ ಕಾದವನು, ದೋಣಿ ದಡ ಮುಟ್ಟುವವರೆಗೂ ಅತ್ತ. ದುರುಗಪ್ಪ ಹುಟ್ಟು ಹಾಕಿದ.

ಸಂಜೆ ಗಿಳಿಗಳ ಹಿಂಡು ಬಂದಿಳಿಯಿತು. ಪಂಚಾಕ್ಷರಿ ಮುಖವೆತ್ತಿ ನೋಡಿದ. ಎಲ್ಲವೂ ಒಂದೇ ಹಸಿರು, ಒಂದೇ ಕೂಗು. ಇನ್ನಷ್ಟು ಹತ್ತಿರದಿಂದ ನೋಡೋಣವೆಂದು ಮರದ ಕಡೆ ಹೆಜ್ಜೆ ಇಟ್ಟ.

ಮನುಷ್ಯನನ್ನು ಕಂಡಿದ್ದೇ ತಡ, ಕೆಳಗಿನ ಕೊಂಬೆಯ ಗಿಳಿಗಳೆಲ್ಲ ಭರ್ರನೆ ಎದ್ದು ಮರದ ತುದಿಗೆ ಹೋದವು. ಒಂದೂ ಹಿಂದೆ ಉಳಿಯಲಿಲ್ಲ.

"ನನ್ನ ಗುರುತಽ ಹಿಡೀಲಿಲ್ರಿ ಅಜ್ಜಾರ," ಎಂದ.

ಗುರುಗಳು ಬಳಿಗೆ ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು.

"ಚಲೋ ಜೋಪಾನ ಮಾಡಿದಿ, ತಮ್ಮಾ."