ಮುರಿದ ನುಗ್ಗೆಕೊಂಬೆ ಚಿಗುರಿದ ಬೆಳಿಗ್ಗೆ

ಲೋಕ ಇನ್ನೂ ಹೊಸದಾಗಿತ್ತು ಕೂಸೇ. ಎಷ್ಟು ಹೊಸದು ಅಂದರೆ, ತಾನು ಯಾವ ಕಡೆ ಹರಿಯಬೇಕು ಅನ್ನುವುದೇ ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಬೆಟ್ಟವನ್ನು ಕೇಳಿಕೊಂಡು ಹೊರಡುತ್ತಿತ್ತು. ಬೆಟ್ಟವೂ ಬೇಸರವಿಲ್ಲದೆ ದಿನಾ ಹೇಳುತ್ತಿತ್ತು.

ಆ ಹೊಸ ಲೋಕದಲ್ಲಿ ಹೂವಿತ್ತು, ಹಣ್ಣಿತ್ತು, ಹಕ್ಕಿಗಳಿದ್ದವು. ಒಂದೇ ಒಂದು ಇರಲಿಲ್ಲ. ಮುರಿದದ್ದು ಮತ್ತೆ ಬೆಳೆಯುವುದು ಅನ್ನುವುದೇ ಇರಲಿಲ್ಲ.

ಹಲ್ಲಿಯ ಬಾಲ ಬಿದ್ದರೆ ಬಿದ್ದೇ ಹೋಯಿತು. ಮಂಡಿ ತರಚಿದರೆ ಆ ಗಾಯ ಮುದುಕರಾದರೂ ಹಾಗೇ ಇರುತ್ತಿತ್ತು. ಮುರಿದದ್ದು ಮುರಿದದ್ದೇ. ಅದು ಲೋಕದ ಕಟ್ಟಳೆ ಎಂದು ಎಲ್ಲರೂ ನಂಬಿದ್ದರು. ಯಾಕೆ ಹಾಗೆ ಅಂತ ಯಾರೂ ಕೇಳುತ್ತಿರಲಿಲ್ಲ. ನೀನಿದ್ದಿದ್ದರೆ ಕೇಳುತ್ತಿದ್ದೆ ಬಿಡು, ನಿನಗೆ ಬೇರೆ ಕೆಲಸ ಏನಿದೆ.

ಆಗಿನ ನುಗ್ಗೆಮರ ಈಗಿನ ಹಾಗಲ್ಲ. ಅದರ ಮೈ ಕಲ್ಲಿನಂತೆ ಗಟ್ಟಿ. ಎಂಥ ಗಾಳಿ ಬಂದರೂ ಬಾಗುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಜಂಬವೂ ಇತ್ತು.

ಹೊಳೆಯ ದಡದ ಊರಿನಲ್ಲಿ ಸಾಕವ್ವ ಎಂಬ ಅಜ್ಜಿ ಇದ್ದಳು. ಅವಳಿಗೆ ಹೊನ್ನಿ ಎಂಬ ಏಳು ವರ್ಷದ ಮೊಮ್ಮಗಳು, ಕೆಂದಿ ಎಂಬ ಹಸು. ಮನೆಯ ಹಿಂದೆ ಹಿತ್ತಲು. ಹಿತ್ತಲಲ್ಲಿ ಬಸಳೆ, ಹೀರೆ, ಕುಂಬಳ, ಮೂಲೆಯಲ್ಲಿ ಆ ಜಂಬದ ನುಗ್ಗೆಮರ. ಹೊನ್ನಿ ಇಡೀ ದಿನ ಅಲ್ಲೇ ಓಡಾಡುತ್ತಿದ್ದಳು. ಅವಳು ನಡೆದದ್ದನ್ನು ನೋಡಿದವರೇ ಇಲ್ಲ, ಓಡಿದ್ದನ್ನು ನೋಡಿದವರೇ ಎಲ್ಲ.

ಗಾಳಿಗೆ ಆಗ ಇನ್ನೂ ಬುದ್ಧಿ ಬಂದಿರಲಿಲ್ಲ. ಒಂದು ಮಧ್ಯಾಹ್ನ ಏನನ್ನಿಸಿತೋ ಏನೋ, ಬೆಟ್ಟದ ಮೇಲಿಂದ ಕಣ್ಣುಮುಚ್ಚಿಕೊಂಡು ಇಳಿದು ಬಂತು. ಊರಿನ ಚಪ್ಪರಗಳು ಹಾರಿಹೋದವು. ಹಿತ್ತಲುಗಳೆಲ್ಲ ನೆಲಕಚ್ಚಿದವು. ಬಸಳೆ ಬಾಗಿತು, ಹೀರೆ ಬಾಗಿತು. ನುಗ್ಗೆ ಮಾತ್ರ ಬಾಗಲಿಲ್ಲ. ಬಾಗದೆ ನಿಂತು ನಿಂತು, ಕೊನೆಗೆ ಫಟಾರ್ ಎಂದು ಮುರಿಯಿತು. ಅದರ ಕೊಂಬೆಯೊಂದು ಓಡಿ ಬರುತ್ತಿದ್ದ ಹೊನ್ನಿಯ ಕಾಲಿನ ಮೇಲೇ ಬಿತ್ತು. ಕಲ್ಲಿನಂಥ ಕೊಂಬೆ. ಎಳೆಯ ಕಾಲು ಮುರಿಯಿತು.

ಗಾಳಿ ನಿಂತ ಮೇಲೆ ಊರಿನವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತರು. ಸಾಕವ್ವ ಮೊಮ್ಮಗಳ ಕಾಲಿಗೆ ಬಿದಿರ ದೆಬ್ಬೆ ಇಟ್ಟು ಬಟ್ಟೆ ಸುತ್ತಿದಳು. ಕಾಲು ಅಲುಗದಿರಲಿ ಅಂತ ಅಷ್ಟೆ. ಕೂಡಿಕೊಳ್ಳುತ್ತದೆ ಅನ್ನುವ ಆಸೆ ಯಾರಿಗೂ ಇರಲಿಲ್ಲ.

ಹೊನ್ನಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಒಂದ್ ತುತ್ತು ತಿನ್ನು ನನ್ನವ್ವ," ಅಂದಳು ಅಜ್ಜಿ.

"ಬ್ಯಾಡ."

"ಯಾಕ್ ಬ್ಯಾಡ?"

"ತಿಂದ್ ಏನ್ ಮಾಡ್ಲಜ್ಜಿ? ಕಾಲು ಕೂಡ್ಕತ್ತದಾ?"

ಸಾಕವ್ವ ಬಟ್ಟಲನ್ನು ಪಕ್ಕಕ್ಕೆ ಇಟ್ಟಳು. ಎರಡು ದಿನ ಮಗು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೀಗೇ ಆದರೆ ಇವಳು ನನಗೆ ಉಳಿಯುವುದಿಲ್ಲ ಎಂದು ಸಾಕವ್ವನಿಗೆ ಗೊತ್ತಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಿತ್ತಲಿಗೆ ಬಂದಳು. ಮೊಮ್ಮಗಳ ಕಾಲು ಮುರಿದ ಆ ಕೊಂಬೆಯನ್ನು ಒಲೆಗೆ ಹಾಕಿ ಸುಟ್ಟುಬಿಡಬೇಕು ಅನ್ನುವಷ್ಟು ಸಿಟ್ಟು ಅವಳಿಗೆ.

ಕೊಂಬೆಯನ್ನು ಎತ್ತಿದಳು. ಬಿದ್ದ ಹೊಡೆತಕ್ಕೆ ಅದರ ತಲೆಯ ಕಡೆಯೂ ಮುರಿದಿತ್ತು. ಆ ತುದಿಯಿಂದ ಒಂದು ಹನಿ ನೀರು ಅವಳ ಕೈಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹನಿ.

"ಅಯ್ಯೋ, ನಿನ್ಗೂ ನೋಯ್ತಾ ಅದಾ?" ಅಂದಳು ಸಾಕವ್ವ. ಸಿಟ್ಟು ಎಲ್ಲಿ ಹೋಯಿತೋ.

ಏನಾದರೂ ಸೋರಿದರೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ರಾಗಿ ತುಂಬುವ ಬಿದಿರ ಬುಟ್ಟಿಯ ಸಂದಿನಿಂದ ಕಾಳು ಸೋರದಿರಲಿ ಅಂತ ಸಗಣಿ ಮೆತ್ತುತ್ತಾರಲ್ಲ, ಹಾಗೆ. ಕೊಂಬೆ ಬುಟ್ಟಿಯಲ್ಲ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಕೆಂದಿಯ ಹಸಿ ಸಗಣಿ ತಂದು ಮುರಿದ ತುದಿಗೆ ಒಂದು ಮುದ್ದೆ ಮೆತ್ತಿದಳು. ಮಲಗಿಸಿದರೆ ಸಗಣಿ ಉದುರೀತು ಅಂತ ಗುಳಿ ತೋಡಿ, ಆ ತುದಿ ಮೇಲಿರುವಂತೆ ಕೊಂಬೆಯನ್ನು ನೆಟ್ಟಗೆ ನಿಲ್ಲಿಸಿ ಮಣ್ಣು ತುಳಿದಳು. ಬುಡಕ್ಕೆ ಒಂದು ಚೊಂಬು ನೀರನ್ನೂ ಹಾಕಿದಳು.

ಪಕ್ಕದ ಮನೆಯ ಮಾರಣ್ಣ ಬೇಲಿಯಾಚೆ ನಿಂತು ನೋಡಿದ. "ಏನ್ ಸಾಕವ್ವ, ಸತ್ತ ಕೊಂಬೆಗೆ ಮುಂಡಾಸು ಕಟ್ಟಿದೀಯಾ?"

"ಅದಿನ್ನೂ ಸತ್ತಿಲ್ಲ ಕಣಪ್ಪ."

"ಮುರಿದದ್ದು ಮುರಿದದ್ದೇ ಅಲ್ವಾ?"

"ಅಂಗಂತ ಯಾರು ಹೇಳ್ದೋರು?"

ಮಾರಣ್ಣ ಬೇಲಿ ಬಿಟ್ಟು ತನ್ನ ಮನೆಯ ಕಡೆ ನಡೆದ. ಯಾರು ಹೇಳಿದರು ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಕೂಸೇ, ಲೋಕ ಹುಟ್ಟಿದ ಮೇಲೆ ಈ ಪ್ರಶ್ನೆ ಕೇಳಿದವಳು ಸಾಕವ್ವ ಒಬ್ಬಳೇ. ಅವಳ ಮಾತು ಮಣ್ಣಿಗೆ ಇಳಿಯಿತು. ಬೇರು ದಾಟಿ, ಬಂಡೆ ದಾಟಿ, ಭೂಮಿತಾಯಿಯ ಕಿವಿ ಮುಟ್ಟಿತು.

ಭೂಮಿತಾಯಿ ಯೋಚಿಸಿದಳು. "ನಾನಂತೂ ಹೇಳಿಲ್ಲ." ಹೊಳೆಯನ್ನು ಕೇಳಿದಳು. "ನಾನೂ ಹೇಳಿಲ್ಲಮ್ಮ," ಅಂದಿತು ಹೊಳೆ. ಬೆಟ್ಟದ ಹಿಂದೆ ನಾಚಿಕೊಂಡು ಅಡಗಿದ್ದ ಗಾಳಿಯನ್ನು ಕೇಳಿದಳು. "ಮುರಿದದ್ದು ನಾನೇ. ಆದರೆ ಆ ಮಾತು ನನ್ನದಲ್ಲ," ಅಂದಿತು ಗಾಳಿ. ಆಕಾಶವನ್ನು ಕೇಳಿದಳು. ಆಕಾಶವೂ ತಲೆ ಅಲ್ಲಾಡಿಸಿತು.

ಯಾರೂ ಹೇಳಿರಲಿಲ್ಲ! ಯಾರೂ ಮಾಡದ ಕಟ್ಟಳೆಗೆ ಇಡೀ ಲೋಕ ತಲೆಬಾಗಿ ಕೂತಿತ್ತು.

ಆಗ ಭೂಮಿತಾಯಿ ಕೊಂಬೆಯ ಬುಡಕ್ಕೆ ಬಂದು ಮೆಲ್ಲಗೆ ಕೇಳಿದಳು. "ಏನಮ್ಮಾ, ಮತ್ತೆ ಶುರುಮಾಡೋಣವಾ?"

"ನಾನಾ?" ಅಂದಿತು ಕೊಂಬೆ. "ನನಗೆ ಬೇರಿಲ್ಲ, ಎಲೆಯಿಲ್ಲ. ಒಂದು ಮಗುವಿನ ಕಾಲು ಬೇರೆ ಮುರಿದಿದ್ದೇನೆ."

"ಬೇರು ನಾನು ಕೊಡುತ್ತೇನೆ. ಆದರೆ ಚಿಗುರು ನಿನ್ನ ಮೈ ಸೀಳಿಕೊಂಡು ಬರಬೇಕು. ನೀನು ಇಷ್ಟು ಗಟ್ಟಿಯಿದ್ದರೆ ಅದು ಹೇಗೆ ಬಂದೀತು? ಆ ಗಟ್ಟಿತನ ನನಗೆ ಕೊಟ್ಟುಬಿಡು."

"ಕೊಟ್ಟರೆ ಪ್ರತಿ ಗಾಳಿಗೂ ಮುರಿಯುತ್ತೇನಲ್ಲ ತಾಯಿ?"

"ಮುರಿಯುತ್ತೀಯ. ಮುರಿದಷ್ಟು ಸಲವೂ ಚಿಗುರುತ್ತೀಯ."

ಗಟ್ಟಿತನ ಬಿಟ್ಟು ಕೊಂಬೆಗೆ ಬೇರೆ ಹೆಮ್ಮೆಯೇ ಇರಲಿಲ್ಲ. ಅಷ್ಟರಲ್ಲಿ ಸಾಕವ್ವ ಹೊನ್ನಿಯನ್ನು ಎತ್ತಿಕೊಂಡು ಬಂದು ಹಿತ್ತಲ ಜಗುಲಿಯ ಮೇಲೆ ಕೂರಿಸಿದಳು. ಮಗುವಿನ ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಎಲ್ಲೋ ಇತ್ತು.

"ತೆಗೆದುಕೋ ತಾಯಿ," ಅಂದಿತು ಕೊಂಬೆ. "ಬೇಗ ತೆಗೆದುಕೋ."

ಅಂದಿನಿಂದ ಸಾಕವ್ವ ದಿನಾ ಬೆಳಿಗ್ಗೆ ಕೊಂಬೆಗೆ ನೀರು ಹಾಕಿದಳು. "ಹೆಂಗಿದೀಯವ್ವ?" ಎಂದು ಕೇಳಿದಳು. ಕೊಂಬೆ ಒಣಗಿದ ಕೋಲಿನ ಹಾಗೇ ನಿಂತಿತ್ತು. ದಿನಾ ಹೊನ್ನಿಗೂ ಗಂಜಿ ಹಿಡಿದಳು. ಅಜ್ಜಿ ಅಳುತ್ತಾಳಲ್ಲ ಅಂತ ಹೊನ್ನಿ ಒಂದು ಗುಟುಕು ಕುಡಿದು ಬಟ್ಟಲು ದೂಡುತ್ತಿದ್ದಳು. ಮೂರು ದಿನ ಹೀಗೇ. ಆರು ದಿನ ಹೀಗೇ. ಊರಿನವರು ಸಾಕವ್ವನಿಗೆ ತಲೆಕೆಟ್ಟಿದೆ ಅಂದರು.

ಒಂಬತ್ತನೆಯ ಬೆಳಿಗ್ಗೆ ಗಾಳಿ ಊರಿನ ಅಂಚಿಗೆ ಬಂದು ಉಸಿರು ಬಿಗಿಹಿಡಿದು ನಿಂತಿತು. ಹೊಳೆ ದಾರಿ ಕೇಳುವುದನ್ನು ಮರೆತು ನಿಂತಿತು. ಒಂದು ಎಲೆಯೂ ಅಲ್ಲಾಡಲಿಲ್ಲ. ಹೊನ್ನಿ ಜಗುಲಿಯ ಮೇಲೆ ಕೂತಿದ್ದಳು. ಎಲ್ಲ ಇಷ್ಟು ಸದ್ದಿಲ್ಲದೆ ಯಾಕಿದೆ ಅಂತ ತಲೆ ಎತ್ತಿದಳು.

ಸಗಣಿಯ ಮುಂಡಾಸಿನ ಕೆಳಗೆ, ಕೊಂಬೆಯ ಒಣ ಸಿಪ್ಪೆ ಸೀಳಿತ್ತು. ಆ ಸೀಳಿನಲ್ಲಿ ಕಡಲೆಕಾಳಿನಷ್ಟು ಹಸಿರು.

ಹೊನ್ನಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅವಳು ನೋಡುತ್ತಿದ್ದಂತೆಯೇ ಆ ಹಸಿರು ಮಡಿಕೆ ಬಿಚ್ಚಿತು. ಪುಟ್ಟ ಪುಟ್ಟ ದುಂಡನೆಯ ಎಲೆಗಳು ಒಂದೊಂದಾಗಿ ಬೆಳಕಿಗೆ ಬಂದವು. ಹಾಗೆ ಲೋಕದಲ್ಲಿ ಆವರೆಗೆ ಆಗಿರಲೇ ಇಲ್ಲ. ಅದನ್ನು ಮೊದಲು ನೋಡಿದ್ದು ಕಾಲು ಮುರಿದ ಏಳು ವರ್ಷದ ಹುಡುಗಿ.

"ಅಜ್ಜೀ," ಅಂದಳು. "ಅಜ್ಜೀ, ಇಲ್ ಬಾ."

ಸಾಕವ್ವ ಬಂದಳು, ನೋಡಿದಳು, ಇದ್ದಲ್ಲೇ ಮಂಡಿಯೂರಿ ಕೈಮುಗಿದಳು. ಕೊಂಬೆಗೋ, ಮಣ್ಣಿಗೋ, ಯಾರಿಗೆ ಅಂತ ಅವಳಿಗೇ ತಿಳಿಯಲಿಲ್ಲ. ಕಣ್ಣಲ್ಲಿ ಧಾರೆ ನೀರು.

ಹೊನ್ನಿ ಚಿಗುರನ್ನೇ ನೋಡುತ್ತಾ ಮೆಲ್ಲಗೆ ಅಂದಳು. "ಅಜ್ಜಿ, ನಂಗೆ ಹಸಿವಾಯ್ತದೆ."

ಆ ಸುದ್ದಿ ಎಲ್ಲೆಲ್ಲೂ ಹೋಯಿತು. ಹಲ್ಲಿ ಗೋಡೆಯ ಮೇಲಿಂದ ಕೇಳಿಸಿಕೊಂಡು ಲೊಚಗುಟ್ಟಿತು. ಹೊನ್ನಿಯ ಮುರಿದ ಮೂಳೆಯೂ ಬಿದಿರ ದೆಬ್ಬೆಯ ಒಳಗಿನಿಂದಲೇ ಕೇಳಿಸಿಕೊಂಡಿತು. ಕೊಂಬೆಗೆ ಆಗುವುದಾದರೆ ನನಗೇಕೆ ಆಗಬಾರದು ಅಂದುಕೊಂಡು ನಿಧಾನವಾಗಿ ಕೂಡಿಕೊಳ್ಳತೊಡಗಿತು. ಕೊಂಬೆ ಎರಡಾಳೆತ್ತರ ಬೆಳೆಯುವ ಹೊತ್ತಿಗೆ ಹೊನ್ನಿ ಅದರ ಸುತ್ತ ಓಡುತ್ತಿದ್ದಳು. ಮಾರಣ್ಣ ಬಂದು ತಲೆ ಕೆರೆದುಕೊಂಡು ಒಂದು ತುಂಡು ಕೇಳಿದ. ಸಾಕವ್ವ ಕೊಂಬೆ ಮುರಿದು ಕೊಟ್ಟಳು. ಅವನಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ಹೀಗೆ ಊರಿನ ಹಿತ್ತಲುಗಳೆಲ್ಲ ಮತ್ತೆ ಎದ್ದವು.

ಈಗ ಕೇಳು ಕೂಸೇ. ನಿನ್ನೆಯ ಗಾಳಿಗೆ ನಮ್ಮ ನುಗ್ಗೆ ಮುರಿಯಿತು ಅಂತ ನೀನು ಮೂತಿ ಉಬ್ಬಿಸಿಕೊಂಡು ಕೂತಿದ್ದೀಯ, ಅದನ್ನು ಹಿಡಿಯಲು ಓಡಿ ಬಿದ್ದು ಮಂಡಿಯನ್ನೂ ತರಚಿಕೊಂಡಿದ್ದೀಯ. ಏಳು, ಹೋಗಿ ಒಂದು ಮುದ್ದೆ ಸಗಣಿ ತಾ. ಆ ಕೊಂಬೆಗೆ ಕೊಟ್ಟ ಮಾತನ್ನು ಮಣ್ಣು ಇನ್ನೂ ಮರೆತಿಲ್ಲ. ಅದಕ್ಕೇ ನುಗ್ಗೆ ಇವತ್ತಿಗೂ ಸಣ್ಣ ಗಾಳಿಗೆ ಪಟ್ಟನೆ ಮುರಿಯುತ್ತದೆ, ಮುರಿದ ಕೊಂಬೆಯ ತಲೆಗೆ ಸಗಣಿ ಮೆತ್ತಿ ನೆಟ್ಟರೆ ನಿನ್ನ ಮಂಡಿಯ ಹಕ್ಕಳೆ ಉದುರಿ ಹೊಸ ಚರ್ಮ ಕಾಣುವ ಹೊತ್ತಿಗೆ ಚಿಗುರಿ ನಿಂತಿರುತ್ತದೆ.