ದೀಪದ ಎಣ್ಣೆ ದುಂಡವ್ವನ ಕೈಗೆ

ಬಿಳಿಗಲ್ಲೂರಿನ ಸುಣ್ಣದ ಭಟ್ಟಿಗಳಿಗೆ ಹೊಂದಿಕೊಂಡೇ ಒಂದು ಗಿಡ್ಡ ಮಣ್ಣಿನ ಮನೆ. ಒಳಗೆ ಒಂದು ಚಾಪೆ, ಒಂದು ಕಂಬಳಿ, ಒಂದು ತಂಬಿಗೆ. ಗೂಡಿನಲ್ಲಿ ಆರದೆ ಉರಿಯುವ ನಂದಾದೀಪ. ಪೂಜ್ಯ ಸಿದ್ಧಲಾಂಬೆ ತಾಯಿಯವರು ಇಪ್ಪತ್ತೆರಡು ವರ್ಷ ವಾಸವಾಗಿದ್ದುದು ಅಲ್ಲಿಯೇ. ಊರೊಳಗೆ ಕಲ್ಲಿನ ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟು ಬಿನ್ನವಿಸಿದರೂ ಅವರು ಒಪ್ಪಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ದಾಸೋಹ. ಬಂದವರಿಗೆಲ್ಲ ಜೋಳದ ನುಚ್ಚು, ಮಜ್ಜಿಗೆ. ಜನ ಅವರನ್ನು ಕರೆಯುತ್ತಿದ್ದುದು ‘ಅವ್ವಾರು’ ಎಂದು.

ಅದೇ ಭಟ್ಟಿಯಲ್ಲಿ ಸುಣ್ಣ ಅರಳಿಸುವ ಕೆಲಸ ದುಂಡವ್ವನದು. ನಲವತ್ತರ ವಯಸ್ಸು, ಗಂಡನಿಲ್ಲ, ನಾಲಿಗೆ ಖಾರ. ಸುಟ್ಟ ಕಲ್ಲಿಗೆ ನೀರು ಹೊಯ್ದು, ಬುಸುಗುಡುವ ಬಿಳಿ ಹಿಟ್ಟನ್ನು ಬರಿಗೈಯಲ್ಲೇ ಗೋರಿ ಅವಳ ಅಂಗೈ ಬಿರಿದಿತ್ತು. ಆ ವರ್ಷದ ಪುಷ್ಯ ಮಾಸದಲ್ಲಿ ಬೀಸಿದ ಒಣ ಗಾಳಿಗೆ ಮೊಣಕೈವರೆಗೂ ಚರ್ಮ ಹೊಟ್ಟೆದ್ದು ಉದುರತೊಡಗಿತು. ಬೆರಳು ಮಡಚಿದರೆ ಗೆರೆಗೆರೆಯಲ್ಲೂ ರಕ್ತ. ಅವಳು ಕುದಿಯುವ ನೀರು ಹೊಯ್ದುಕೊಂಡಳು, ಸವಳು ಮಣ್ಣು ಹಚ್ಚಿ ಇಟ್ಟಂಗಿ ಚೂರಿನಿಂದ ತಿಕ್ಕಿದಳು. ತಿಕ್ಕಿದಷ್ಟೂ ಉರಿ ಹೆಚ್ಚಿತು.

ಹಾವಿನ ಪೊರೆಯಂತೆ ಚರ್ಮ ಕಳಚುತ್ತಿದೆ ಎಂದು ಯಾರೋ ಅಂದರು. ನಾಲ್ಕು ದಿನದಲ್ಲಿ ಆ ಮಾತಿಗೆ ಕೈಕಾಲು ಮೂಡಿದವು. ದುಂಡವ್ವ ಭಟ್ಟಿಗೆ ಕಲ್ಲು ತುಂಬುವಾಗ ನಾಗರಹಾವನ್ನು ಕೊಂದಿದ್ದಾಳೆ, ಇದು ಸರ್ಪದೋಷ, ಮುಟ್ಟಿದವರಿಗೂ ತಗಲುತ್ತದೆ! ಊರಿನ ಮುಖ್ಯಸ್ಥ ಚನ್ನವೀರಗೌಡರು ಕಟ್ಟಪ್ಪಣೆ ಮಾಡಿದರು. ಬರುವ ಸೋಮವಾರ ಅವ್ವಾರ ಮುಂದೆ ಅವಳು ತಪ್ಪೊಪ್ಪಿಕೊಂಡು ಹುತ್ತಕ್ಕೆ ಉರುಳುಸೇವೆ ಮಾಡಬೇಕು. ಅಲ್ಲಿಯವರೆಗೆ ಬಾವಿಯ ಹಗ್ಗ ಮುಟ್ಟಕೂಡದು, ದಾಸೋಹದ ಪಂಕ್ತಿಯಲ್ಲಿ ಕೂಡಬಾರದು. ನೀರಿಲ್ಲದೆ ಸುಣ್ಣ ಅರಳುವುದಿಲ್ಲ. ಅಂದರೆ ಅವಳ ಒಲೆಯೂ ಹೊತ್ತುವಂತಿಲ್ಲ.

ಸೋಮವಾರ ದುಂಡವ್ವ ಬಂದಳು. ಅಂಗಳ ತುಂಬಿತ್ತು. ಅವಳು ನಮಸ್ಕರಿಸಲಿಲ್ಲ, ಸೆರಗೂ ಹೊದೆಯಲಿಲ್ಲ. ಹೊಟ್ಟೆದ್ದ ತೋಳುಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿ ನಿಂತಳು.

“ನಾ ತಪ್ಪಾತು ಅನ್ನಾಕ ಬಂದಿಲ್ರಿ ಅವ್ವಾರ. ಯಾವ ಹಾವೂ ಹೊಡದಿಲ್ಲ. ಮಾಡದ ತಪ್ಪಿಗೆ ಉರುಳಂಗಿಲ್ಲ. ಇದನ್ನ ನಿಮ್ಮ ಮುಂದ ಹೇಳಿ ಹೋಗಾಕ ಬಂದೀನಿ.”

ಸೇವೆಯ ಹೆಂಗಸೊಬ್ಬಳು ಭಯದಿಂದಲೇ ವಿಭೂತಿಯ ತಟ್ಟೆ ಹಿಡಿದಳು. ದುಂಡವ್ವ ಅದನ್ನು ಪಕ್ಕಕ್ಕೆ ಸರಿಸಿದಳು. “ಸುಣ್ಣನೂ ಒಣ, ಬೂದಿನೂ ಒಣ. ಇದನ್ನ ಹಚ್ಚಿದ್ರ ಇನ್ನಷ್ಟು ಬಿರೀತೈತಿ. ಒಲ್ಲೆ.”

ಜನ ಕಿವಿ ಮುಚ್ಚಿಕೊಂಡರು. ಗೌಡರು ಎದ್ದು ನಿಂತರು. ತಾಯಿಯವರು ಮಾತ್ರ ಕೋಪಿಸಿಕೊಳ್ಳಲಿಲ್ಲ. ಅವಳ ತೋಳನ್ನೇ ಬಹಳ ಹೊತ್ತು ದಿಟ್ಟಿಸಿ ಕೇಳಿದರು:

“ಜಳಕಕ್ಕ ನೀರು ಎಷ್ಟು ಕಾಸ್ತಿ ತಂಗಿ?”

ಬೈಗುಳಕ್ಕೋ ಶಾಪಕ್ಕೋ ಸಿದ್ಧಳಾಗಿ ಬಂದವಳು ಚಾಚಿದ ತೋಳುಗಳನ್ನು ಇಳಿಸಿದಳು. “ಕುದಿಯೂವಂಗ ಕಾಸ್ತೀನ್ರಿ,” ಎಂದಳು.

“ತಿಕ್ಕೂದು ಏನ್ಲೆ?”

“ಸವಳು ಮಣ್ಣು… ಇಟ್ಟಂಗಿ.”

“ಹೊಲ ಸುಟ್ಟು ಮ್ಯಾಲ ಕುಂಟಿ ಹೊಡದಂಗಾತಲ್ಲ,” ಎಂದು ತಾಯಿಯವರು ಮೆಲ್ಲನೆ ನಕ್ಕರು. ಉಗುರುಬೆಚ್ಚಗಿನ ನೀರು, ಒಂದು ಹಿಡಿ ಕಡಲೆಹಿಟ್ಟು ತರಿಸಿದರು. ದುಂಡವ್ವನನ್ನು ಎದುರಿಗೆ ಕೂರಿಸಿಕೊಂಡರು. ತೋಳಿಗೆ ಮೆತ್ತಿದ್ದ ಸುಣ್ಣದ ಪುಡಿಯನ್ನು ಮೊದಲು ಒಣ ಬಟ್ಟೆಯಿಂದ ಝಾಡಿಸಿ, ಹಿಟ್ಟು ಸವರಿ, ಧಾರಾಳ ನೀರಿನಿಂದ ತೊಳೆದರು. ತಿಕ್ಕದೆ ಬಟ್ಟೆಯನ್ನು ಬರೀ ಒತ್ತಿ ನೀರು ತೆಗೆದರು. ಚರ್ಮದಲ್ಲಿ ಇನ್ನೂ ಪಸೆ ಇರುವಾಗಲೇ ಕೈ ಚಾಚಿ, ನಂದಾದೀಪಕ್ಕೆ ಇಟ್ಟಿದ್ದ ಕುಸುಬಿ ಎಣ್ಣೆಯ ಗಿಂಡಿಯನ್ನು ಎತ್ತಿಕೊಂಡರು.

“ಅವ್ವಾರ! ಅದು ದೇವರ ಎಣ್ಣಿ ಐತ್ರಿ!” ಗೌಡರು ಕೂಗಿದರು.

“ಉರಿ ಇಲ್ಲೇ ಐತಲ್ಲೊ ಗೌಡ,” ಎಂದು ತಾಯಿಯವರು ದುಂಡವ್ವನ ಅಂಗೈ ತೋರಿಸಿದರು. ಗಿಂಡಿ ಬಗ್ಗಿಸಿದರು.

ಸರ್ಪದೋಷದ ಮಾತು ಹಬ್ಬಿದಾಗಿನಿಂದ ದುಂಡವ್ವನ ಕೈಯನ್ನು ಯಾರೂ ಮುಟ್ಟಿರಲಿಲ್ಲ. ಅಂಗಡಿಯವನು ಉಪ್ಪನ್ನೂ ದೂರದಿಂದಲೇ ಸೆರಗಿಗೆ ಸುರಿಯುತ್ತಿದ್ದ. ಈಗ ಬೆರಳ ಸಂದಿಸಂದಿಗೂ ಎಣ್ಣೆ ಇಳಿಯುತ್ತಿತ್ತು. ಇಷ್ಟು ಜನರೆದುರು ಅಳಬಾರದೆಂದು ಹಲ್ಲು ಕಚ್ಚಿ ಕುಳಿತಳು.

ಎಣ್ಣೆ ಹಚ್ಚಿ ಮುಗಿಸಿದ ತಾಯಿಯವರು ತಮ್ಮ ಪಾದಗಳನ್ನು ಸಭೆಯ ಕಡೆಗೆ ನೀಡಿದರು. ಹಿಮ್ಮಡಿಯಲ್ಲಿ ಆಳವಾದ ಸೀಳುಗಳಿದ್ದವು. “ನನ್ನ ಹಿಮ್ಮಡಾನೂ ಒಡದಾವ. ನಾ ಯಾವ ಹಾವು ಕೊಂದೆ, ಹೇಳ್ರಿ.”

ಆಮೇಲೆ ಅವರು ಬಾವಿಯ ಕಡೆಗೆ ಕೈ ತೋರಿಸಿದರು.

“ಇವತ್ತಿನ ದಾಸೋಹಕ್ಕ ದುಂಡವ್ವ ನೀರು ಸೇದಬೇಕು. ಒಲ್ಲದವರು ಉಣಬ್ಯಾಡ್ರಿ. ಎಲ್ಲರೂ ಒಲ್ಲೆ ಅಂದ್ರ, ನಾನೂ ಉಣಂಗಿಲ್ಲ.”

ದುಂಡವ್ವ ಕೈಗೆ ಅರಿವೆ ಸುತ್ತಿಕೊಂಡು ಬಾವಿಗೆ ಹೋದಳು. ಹಗ್ಗ ಹಿಡಿದಳು. ಕೊಡ ತುಂಬಿ, ಜನರ ನಡುವೆಯೇ ಹಾದು ತಂದು ಇಟ್ಟಳು. ಕೊಡದ ಸುತ್ತ ಯಾರೂ ಸುಳಿಯಲಿಲ್ಲ. ನೆರಳು ಗೋಡೆಯಿಂದ ಅಂಗಳದ ಅರ್ಧಕ್ಕೆ ಬಂತು. ನುಚ್ಚು ಆರಿ ಗಟ್ಟಿಯಾಯಿತು. ತಾಯಿಯವರು ಕಣ್ಣು ಮುಚ್ಚಿ ಕುಳಿತೇ ಇದ್ದರು.

ಆಗ ಹೆಂಗಸರ ಸಾಲಿನಿಂದ ಎದ್ದವರು ಗೌಡರ ತಾಯಿ, ಎಪ್ಪತ್ತು ದಾಟಿದ ಬಸಲಿಂಗವ್ವ. ಕೋಲೂರಿಕೊಂಡು ಬಂದು ದುಂಡವ್ವನ ಮುಂದೆ ಬೊಗಸೆ ಒಡ್ಡಿದರು. ದುಂಡವ್ವ ನೀರು ಹೊಯ್ದಳು. ಮುದುಕಿ ಗಟಗಟನೆ ಕುಡಿದು, ಸೀರೆಯ ಅಂಚನ್ನು ತುಸು ಎತ್ತಿದರು. ಕಣಕಾಲು ಬತ್ತಿದ ಕೆರೆಯಂಗಳದಂತೆ ಬಿರಿದಿತ್ತು.

“ಮೂರು ಚಳಿಗಾಲದಿಂದ ಮುಚ್ಚಿಟಗೊಂಡೀನ್ರಿ ಅವ್ವಾರ. ಮಗಾ ಏನಂತಾನೋ ಅಂತ ಅಂಜಿಕಿ ಇತ್ತು. ನನಗೂ ಒಂದೀಟು ಎಣ್ಣಿ ಹಚ್ರಿ.”

ಗೌಡರು ಹೆತ್ತ ತಾಯಿಯ ಕಾಲನ್ನು ನೋಡಿದರು. ಆಮೇಲೆ ಬಂದು, ರುಮಾಲು ತೆಗೆದು ಕೆಳಗಿಟ್ಟು, ತಾವೂ ಬೊಗಸೆ ಒಡ್ಡಿದರು. ಅವರ ಹಿಂದೆ ಅಂಗಳವೇ ಎದ್ದಿತು.

ಗುಣವೇನೂ ಒಂದೇ ದಿನಕ್ಕೆ ಆಗಲಿಲ್ಲ. ತಾಯಿಯವರು ಹೇಳಿಕೊಟ್ಟಂತೆ ದುಂಡವ್ವ ನಡೆದುಕೊಂಡಳು. ಬಿಸಿನೀರು ಬಿಟ್ಟು ಬೆಚ್ಚನೆಯ ನೀರು, ಬೇಗ ಮುಗಿಸುವ ಜಳಕ. ಮೈ ಆರುವ ಮುಂಚೆ ಎಣ್ಣೆ. ಮಲಗುವಾಗ ಔಡಲೆಣ್ಣೆ ಸವರಿ ಹಳೆಯ ಹತ್ತಿಬಟ್ಟೆಯ ಸುತ್ತು. ಬರಿಗೈಯಲ್ಲಿ ಸುಣ್ಣ ಗೋರುವುದನ್ನು ನಿಲ್ಲಿಸಿ ಕಟ್ಟಿಗೆಯ ಸಲಿಕೆ ಹಿಡಿದಳು. ಒಂದೂವರೆ ತಿಂಗಳಿಗೆ ಬಿರುಕು ಕೂಡಿಕೊಂಡಿತು. ಊರವರು ಪವಾಡವೆಂದು ಕೊಂಡಾಡಿದಾಗ ತಾಯಿಯವರು, “ಪವಾಡ ಅಲ್ರೊ, ಎಣ್ಣಿ,” ಎಂದು ಅಷ್ಟಕ್ಕೇ ಬಾಯಿ ಮುಚ್ಚಿಸಿದರು.

ಅಂದು ಮೊದಲ ಬಾರಿ ದುಂಡವ್ವ ತಾನಾಗಿಯೇ ಪಾದಕ್ಕೆ ಬಾಗಿದಳು. ತಾಯಿಯವರು ಅವಳ ಎರಡೂ ಕೈ ಹಿಡಿದೆತ್ತಿ ಎಣ್ಣೆಯ ಬಟ್ಟಲನ್ನು ಅವುಗಳಲ್ಲಿಟ್ಟರು. ಬಾಗಿಲ ಕಡೆಗೆ ಕಣ್ಣು ತೋರಿಸಿದರು.

ಅಲ್ಲಿ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಹೊಸ್ತಿಲಾಚೆಯೇ ನಿಂತಿದ್ದ. ಹಿಮ್ಮಡಿ ಸೀಳಿ ನೆಲದ ಮೇಲೆ ರಕ್ತದ ಗುರುತು ಮೂಡಿತ್ತು. ದುಂಡವ್ವ ಹೋಗಿ ಕುಳಿತು ಅವನ ಕಾಲಿಗೆ ಕೈ ಚಾಚಿದಳು. ಅವನು ಹಿಂದಕ್ಕೆ ಎಳೆದುಕೊಂಡ.

“ಮುಟ್ಟಬ್ಯಾಡ ಯವ್ವಾ. ಇದು ದೋಷದ ಕಾಲು ಅಂತಾರ ನಮ್ಮೂರಾಗ.”

“ಯಾರಂದವರು?” ದುಂಡವ್ವನ ಕಣ್ಣು ಕೆಂಡವಾಯಿತು. “ಅವರ ಮನಿ ತೋರ್ಸು, ಹೋಗಿ ಕೇಳಿ ಬರ್ತೀನಿ. ಮೊದಲ ಕಾಲು ಕೊಡು, ಯಪ್ಪಾ.”

ಎನ್ನುತ್ತ ಅವನ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.