ಬೋಣಿಗೆ ಬಂದ ಹುಡುಗಿ

ಸೀರೆ ಅಂಗಡಿಗೆ ಸೇರಿ ಏಳೇ ತಿಂಗಳಿಗೆ ಚಂಪಾನ ಮನೆಗೆ ಕಳಿಸಿಬಿಟ್ರು. ವ್ಯಾಪಾರ ಇಲ್ವಂತೆ. ಪಾಪ, ತಿಪಟೂರಿನ ಅಂಗಡಿಗಳನ್ನೆಲ್ಲ ಸುತ್ತಿದ್ಲು. ಒಂದಿನ ಬೆಳಿಗ್ಗೆ ಪಾಂಡುರಂಗ ಶೆಟ್ರು ಷಟರ್ ಎತ್ತಿ ಊದುಬತ್ತಿ ಹಚ್ಚೋ ಹೊತ್ತಿಗೆ ಅವರ ಸೀರೆ ಅಂಗಡಿಗೆ ಕಾಲಿಟ್ಲು.

"ಕೆಲಸ ಬೇಕಿತ್ತು ಶೆಟ್ರೇ."

ಶೆಟ್ರು ಎದೆ ಉಬ್ಬಿಸಿದ್ರು. "ಐದು ವರ್ಷ ಅನುಭವ ಇಲ್ದೋರನ್ನ ನಾವು ಮೂಸಿನೂ ನೋಡಲ್ಲ. ಹೋಗಮ್ಮ."

"ಹೋಗ್ತೀನಿ. ಬೋಣಿ ಆಯ್ತಾ?"

"ಇನ್ನೂ ಇಲ್ಲ. ಯಾಕೆ?"

"ಇವತ್ತು ಮೊದಲು ಒಳಗೆ ಬಂದೋಳು ನಾನೇ. ಬೋಣಿಗೆ ಬಂದೋರನ್ನ ಬರಿಗೈಲಿ ಕಳಿಸಿದ್ರೆ ಸಾಯಂಕಾಲದ ತನಕ ನೊಣ ಹೊಡೀಬೇಕಂತೆ. ನಂಗೇನು, ಹೊರಟೆ."

"ಇರು ಇರು. ಒಂದು ಕರ್ಚೀಫು ಸುಮ್ನೆ ತಗೊಂಡು ಹೋಗು."

"ಸುಮ್ನೆ ಕೊಟ್ರೆ ಅದು ದಾನ ಶೆಟ್ರೇ, ಬೋಣಿ ಅಲ್ಲ."

ಶೆಟ್ರು ಲಕ್ಷ್ಮಿ ಫೋಟೋ ನೋಡಿದ್ರು, ಬಾಗಿಲು ನೋಡಿದ್ರು, ಬೆವರು ಒರೆಸ್ಕೊಂಡ್ರು. "ಬಾಯಂತೂ ಜೋರಾಗಿದೆ. ನಾಳೆಯಿಂದ ಬಾ. ಬೇಗ ಬಾ."

ಚಂಪಾ ಕುಣ್ಕೊಂಡು ಮನೆಗೆ ಹೋದ್ಲು.

ಮಾರನೇ ದಿನ ಶೆಟ್ರು ಷಟರ್ ಅರ್ಧ ಎತ್ತಿ, ಅವಳನ್ನ ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸಿದ್ರು. "ಬೋಣಿ ಆಗೋ ತನಕ ಇದೇ ನಿನ್ನ ಕೆಲಸ. ಕೆಲಸ ಕೇಳ್ಕೊಂಡು ಬರೋರನ್ನ ಇಲ್ಲಿಂದ್ಲೇ ವಾಪಸ್ ಕಳಿಸು. ಒಳಗೆ ಕಾಲಿಡಬಾರದು."

ಒಬ್ಬಳು ಬಂದೇ ಬಂದ್ಲು. ಹಳೇ ಅಂಗಡೀಲಿ ಚಂಪಾಗೆ ಕೆಲಸ ಕಲಿಸಿದ್ದ ಸುಗುಣಕ್ಕ. ಅವಳನ್ನೂ ತೆಗೆದಿದ್ರು.

"ಶೆಟ್ರು ಇದ್ದಾರೇನೇ ಚಂಪಾ?"

"ಇನ್ನೂ ಬಂದಿಲ್ಲ ಕಣಕ್ಕ," ಅಂದ್ಲು ಚಂಪಾ, ಚಪ್ಪಲಿ ನೋಡ್ಕೊಂಡು.

ಒಳಗೆ ಶೆಟ್ರು ಕೆಮ್ಮಿದ್ರು. ಸುಗುಣಕ್ಕ ಕೇಳಿಸದೋಳ ಥರ ತಲೆ ಆಡಿಸಿ, ನಿಧಾನಕ್ಕೆ ಮೆಟ್ಟಿಲಿಳಿದ್ಲು.